ಅವ್ವ, ನಳ ಬಂದ್ ಮಾಡ್ತೀನಿ

ನ್ಯೂಜೆರ್ಸಿಯ ನಮ್ಮ ಮನೆಯ ಶವರ್ ಸೋರುತ್ತಿದೆ ಎಂಬುದು ನನಗೂ ಹೆಂಡತಿಗೂ ಎರಡು ತಿಂಗಳಿಂದ ಗೊತ್ತಿತ್ತು. ಬಚ್ಚಲ ಬಾಗಿಲು ಹಾಕಿದರೆ ಸದ್ದು ಕೇಳುತ್ತಿರಲಿಲ್ಲ. ಕೇಳದ ಸದ್ದಿಗೆ ರಿಪೇರಿ ಯಾಕೆ? ಇಂಡಿಯಿಂದ ಅವ್ವ ಬಂದ ಮೊದಲ ರಾತ್ರಿಯೇ ಈ ಒಪ್ಪಂದ ಮುರಿದುಬಿತ್ತು. ಬೆಳಗಿನ ಐದಕ್ಕೆ ಕೋಣೆಯ ಬಾಗಿಲು ಬಡಿದು ಬಕೆಟ್ ಎತ್ತಿ ತೋರಿಸಿದಳು. "ನಾಕ ತಂಬಗಿ ನೀರು. ನೀ ಮಲಗಿದ್ದಿ, ಅದು ಹೊಂಟಿತ್ತು."

ಇಂಡಿ ನಿಂಬೆಯ ಊರು. ಬರದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಂಡವರ ಮನೆಯಲ್ಲಿ ಹನಿಗೂ ಲೆಕ್ಕವಿರುತ್ತದೆ. ನಾನೂ ಲೆಕ್ಕ ಹಾಕಿದೆ: ಮೂರು ಸೆಕೆಂಡಿಗೊಂದು ಹನಿ ಬಿದ್ದರೆ ವರ್ಷಕ್ಕೆ ಹತ್ತಿರಹತ್ತಿರ 3,800 ಲೀಟರ್. "ಲೀಟರ್ ಬ್ಯಾಡ, ಕೊಡ ಹೇಳು" ಅಂದಳು. 15 ಲೀಟರಿನ ಕೊಡದಲ್ಲಿ 250 ಎಂದೆ. ಅಷ್ಟನ್ನೂ ಈಗಷ್ಟೇ ಬಾವಿಯಿಂದ ಹೊತ್ತು ತಂದವಳಂತೆ ಸೊಂಟ ಹಿಡಿದು ಕೂತುಬಿಟ್ಟಳು.

ಪ್ಲಂಬರ್ ಫೋನಿನಲ್ಲೇ 300 ಡಾಲರ್ ಎಂದ. ಡಾಲರನ್ನು ನಾನು ರೂಪಾಯಿ ಮಾಡಿದೆ, ರೂಪಾಯಿಯನ್ನು ಅವ್ವ ನಿಂಬೆಕಾಯಿ ಮಾಡಿದಳು. ಪ್ಲಂಬರ್ ಬರಲಿಲ್ಲ.

ಶನಿವಾರ ಬೆಳಗ್ಗೆ ವಿಡಿಯೋ ಕಾಲ್ ಹಚ್ಚಿದೆವು. ಹೆಂಡತಿಯ ತವರು ಮುದ್ದೇಬಿಹಾಳದಿಂದ ಅವಳ ಅಣ್ಣ, ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತು ಎಂದ. ಅವರ ಹೊಲದ ಪೈಪುಗಳೆಲ್ಲ ನಿಂತಿರುವುದೇ ಹಳೇ ಟ್ಯೂಬಿನ ಮೇಲೆ. ಬಸವನ ಬಾಗೇವಾಡಿಯ ಸೋದರಮಾವ ಆಲಮಟ್ಟಿ ಅಣೆಕಟ್ಟೆಯ ಕೆಲಸ ಮಾಡಿದವರು; ಸಣ್ಣ ನೀರಿನ ಬಗ್ಗೆ ಅವರು ಮಾತಾಡುವುದಿಲ್ಲ. "ಕೃಷ್ಣಾ ನದಿ ನಿಂದರಿಸಾಕ ನಮಗ 26 ಗೇಟು ಸಾಕಾದು. ನಿಂದು ಎಷ್ಟು ಗೇಟಿಂದು?" ಒಂದೇ ಹಿಡಿಕೆ ಎಂದೆ. "ಒಂದಕ್ಕ ಇಷ್ಟ ಮಂದಿ?" ಎಂದು ಚಹಾ ಕುಡಿಯಲು ಎದ್ದುಹೋದರು.

ಕೆಲಸಕ್ಕೆ ಬಂದವನು ಸಿಂದಗಿಯ ಗೆಳೆಯ. ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ನಮ್ಮೂರ ನಳವಾದರೆ ತಿರುಪು ಬಿಚ್ಚಿ ವಾಯ್ಸರ್ ಬದಲಿಸಿದರೆ ಮುಗೀತು. ಇಲ್ಲಿ ಹಿಡಿಕೆಯ ಹಿಂದೆ, ಗೋಡೆಯೊಳಗೆ, ಬೆರಳುದ್ದದ ಕಾರ್ಟ್ರಿಜ್ ಕೂತಿರುತ್ತದೆ. ಬಿಸಿನೀರು ಒಂದು ಪಕ್ಕದಿಂದ, ತಣ್ಣೀರು ಇನ್ನೊಂದು ಪಕ್ಕದಿಂದ ನುಗ್ಗಿ ಅದರಲ್ಲೇ ಬೆರೆಯುತ್ತವೆ. ಮೈಸುತ್ತಲಿನ ರಬ್ಬರ್ ರಿಂಗು ಸವೆದರೆ ಹಿಡಿಕೆಯನ್ನು ಎಷ್ಟು ಒತ್ತಿದರೂ ಹನಿ ನಿಲ್ಲದು. ಇದನ್ನೆಲ್ಲ ನಾನು ಎರಡು ರಾತ್ರಿ ಓದಿ ತಿಳಿದಿದ್ದೆ. ಅವನು ಫೋನಿನಲ್ಲಿ ಒಮ್ಮೆ ಇಣುಕಿ, "ರಿಂಗ ಸವದಾವ, ಅಷ್ಟ. ಪೂರಾ ಹೊಸಾದ ಹಾಕು. ಮೊದಲ ನೀರ ಬಂದ್ ಮಾಡು" ಎಂದ.

"ಅವ್ವ, ನಳ ಬಂದ್ ಮಾಡ್ತೀನಿ" ಎಂದು ಕೂಗಿ, ಮೇನ್ ವಾಲ್ವ್ ತಿರುಗಿಸಲು ಬೇಸ್‌ಮೆಂಟಿಗೆ ಇಳಿದೆ. ವಾಲ್ವಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಕಾದು, ತಿರುವಿ ಮೇಲೆ ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅವ್ವ ಮನೆಯ ಸಮಸ್ತ ಪಾತ್ರೆಗಳನ್ನೂ ತುಂಬಿಸಿಟ್ಟಿದ್ದಳು. ಕುಕ್ಕರ್, ಇಡ್ಲಿ ಪಾತ್ರೆ, ಮಗನ ಆಟದ ಬಕೆಟ್, ಹೆಂಡತಿಯ ಆಫೀಸಿನವರು ಕೊಟ್ಟ ಹನ್ನೊಂದು ಕಾಫಿ ಮಗ್ಗು. ಬಂದಾಗಿನಿಂದ, ತಿರುಗಿಸಿದಾಗಲೆಲ್ಲ ಬರುವ ನೀರಿನ ಮನೆಯಲ್ಲಿ ಮಾಡಲು ಏನೂ ಇಲ್ಲದೆ ಬಾಡಿಹೋಗಿದ್ದ ಮುದುಕಿ ಸೆರಗು ಸಿಕ್ಕಿಸಿ ಓಡಾಡುತ್ತಿದ್ದಳು. "ಇವತ್ತ ಊರಾಗ ಇದ್ದಂಗ ಅನಸ್ತು ನೋಡು" ಅಂದಳು. ಬಾತ್‌ಟಬ್ಬನ್ನೂ ಬಿಟ್ಟಿರಲಿಲ್ಲ. ಮೊಣಕಾಲು ಮುಟ್ಟುವಷ್ಟು ನೀರು. ನಾನು ನಿಂತು ಕೆಲಸ ಮಾಡಬೇಕಾದ ಜಾಗವೇ ಅದು.

ಚಡ್ಡಿಯಲ್ಲಿ ಇಳಿದೆ. ಹಿಡಿಕೆ ಬಂತು, ಹಿಂದಿನ ತಗಡು ಬಂತು. ಕಾರ್ಟ್ರಿಜ್ಜನ್ನು ಹಿಡಿದಿಡುವ, ಕುದುರೆ ಲಾಳದಂಥ ಹಿತ್ತಾಳೆ ಕ್ಲಿಪ್ಪನ್ನು ಇಕ್ಕಳದಿಂದ ಎಳೆದೆ. ಅದು ಚಿಮ್ಮಿ ಟಬ್ಬಿನಲ್ಲಿ ಮುಳುಗಿತು. ಟಬ್ಬು ಖಾಲಿಯಿದ್ದಿದ್ದರೆ ನೇರ ಗಟಾರಕ್ಕೆ ಹೋಗುತ್ತಿತ್ತು ಎಂದು ಸಿಂದಗಿ ಹೇಳಿತು. ಇಂಡಿ ಬಾಗಿಲಲ್ಲಿ ನಿಂತು ನಕ್ಕಿತು. ಬೆರಳಿಂದ ತಳ ತಡಕುತ್ತಾ, ಬೇಸಿಗೆಯ ಭೀಮಾ ನದಿಯಲ್ಲಿ ಮೀನು ಹುಡುಕಿದ ಹಾಗೆ, ಹತ್ತು ನಿಮಿಷ ಕೂತೆ. ಸಿಕ್ಕಿತು. ಸುಣ್ಣಗಟ್ಟಿದ ಹಳೇ ಕಾರ್ಟ್ರಿಜ್ ಮಾತ್ರ ಜಗ್ಗಿದಷ್ಟೂ ಗೋಡೆಗೇ ಅಂಟಿಕೊಂಡಿತು. ಅದನ್ನು ಕೀಳಲೆಂದೇ ಒಂದು ಸಾಧನವಿದೆಯಂತೆ. ತರಲು ಅಂಗಡಿಗೆ ಹೋದೆ, ಒದ್ದೆ ಚಡ್ಡಿಯ ಮೇಲೆಯೇ ಪ್ಯಾಂಟು ಏರಿಸಿ.

ಸಂಜೆಗೆ ಹೊಸದು ಕೂತಿತು. ವಾಲ್ವ್ ಬಿಟ್ಟೆ. ಹನಿ ಇಲ್ಲ. ಒಂದು ವಾಲ್ವಿಗೆ ಇಡೀ ದಿನವೇ ಎಂದು ಹೆಂಡತಿ ಕೇಳಿದ್ದಕ್ಕೆ ಬಾಗೇವಾಡಿಯ ಮಾವ ನನ್ನ ಪರ ನಿಂತರು: ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟರು, 2006ರಲ್ಲಿ ಅಬ್ದುಲ್ ಕಲಾಂ ಬಂದು ದೇಶಕ್ಕೆ ಅರ್ಪಿಸಿದರು, ಹುಡುಗ ತಡ ಮಾಡಿಲ್ಲ.

ತುಂಬಿಟ್ಟ ನೀರು ಚೆಲ್ಲಲು ಅವ್ವ ಬಿಡಲಿಲ್ಲ. ಮೂರು ದಿನ ಟಬ್ಬಿನ ನೀರನ್ನೇ ಕಾಸಿ ತಂಬಿಗೆಯಲ್ಲಿ ಜಳಕ ಮಾಡಿದೆವು, ಕಾಫಿ ಮಗ್ಗಿನ ನೀರಲ್ಲಿ ಚಹಾ ಕುದಿಸಿದೆವು. ನಾಲ್ಕನೇ ದಿನ ನಾನು ಶವರಿನಡಿ ನಿಂತು, ಎಂದಿನಂತೆ ಹಿಡಿಕೆಯನ್ನು ಬಿಸಿಯ ಕಡೆ ಪೂರ್ತಿ ತಿರುಗಿಸಿದೆ. ಮಂಜಿನಂಥ ನೀರು ನೆತ್ತಿಗೆ ಸುರಿಯಿತು. ಕಿರುಚಿಕೊಂಡು, ಟವೆಲ್ಲಿನಲ್ಲೇ ಸಿಂದಗಿಗೆ ಫೋನು ಹಚ್ಚಿದೆ.

"ಉಲ್ಟಾ ಕುಂದ್ರಿಸಿದಿ ಮಾರಾಯ. ತಗದು ಅರ್ಧ ಸುತ್ತು ತಿರುವಿ ಹಾಕು. ಮೊದಲ ನೀರ ಬಂದ್ ಮಾಡು."

ಸ್ಪೀಕರ್ ಆನ್ ಇತ್ತು. ಅಡುಗೆಮನೆಯಲ್ಲಿ ಅವ್ವ ಆಗಲೇ ಕುಕ್ಕರ್ ತೊಳೆಯತೊಡಗಿದ್ದಳು.