ಬರೋದು ಡೌಟು

ಯುಗಾದಿಗೆ ನಾಲ್ಕು ದಿನ ರಜೆ ಕೇಳಿದ್ದಕ್ಕೆ ಮೇಲಧಿಕಾರಿಯಿಂದ ಬಂದದ್ದು ಒಂದೇ ಪದದ ಉತ್ತರ: ‘ಅನ್‌ಲೈಕ್ಲಿ’. ‘ನೋ’ ಅಂದಿದ್ದರೆ ಬಸ್ ಟಿಕೆಟ್ಟು ಕ್ಯಾನ್ಸಲ್ ಮಾಡಿ, ಮನಸ್ಸಿನಲ್ಲೇ ಬೈದು ಸುಮ್ಮನಾಗುತ್ತಿದ್ದೆ. ‘ಎಸ್’ ಅಂದಿದ್ದರೆ ಅಮ್ಮನಿಗೆ ಫೋನು ಹಚ್ಚಿ ಹೋಳಿಗೆ ಬೇಳೆಯದೋ ಕಾಯಿಯದೋ ಎಂದು ತೀರ್ಮಾನಿಸುತ್ತಿದ್ದೆ. ಪಕ್ಕದ ಸೀಟಿನವಳು, ‘ಸಿಗಲ್ಲ ಬಿಡೋ’ ಅಂದಳು. ಎದುರಿನವನು, ‘ಇನ್ನೊಂದ್ಸಲ ಕೇಳು ಅಂತ ಅರ್ಥ ಕಣೋ’ ಅಂದ.

ಇಂಥ ಜಗಳ ದೊಡ್ಡವರ ಮನೆಯಲ್ಲೂ ಆಗಿದೆ. 1951ರಲ್ಲಿ ಯುಗೊಸ್ಲಾವಿಯದ ಮೇಲೆ ಸೋವಿಯತ್ ಬಣ ದಾಳಿ ಮಾಡುವ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಎಂದು ಅಮೆರಿಕದ ಗುಪ್ತಚರರು ವರದಿ ಬರೆದರು. ಹಾಗಂದರೆ ಎಷ್ಟು ಎಂದು ಯಾರೋ ಕೇಳಿದಾಗ, ಸಿಐಎಯ ಶರ್ಮನ್ ಕೆಂಟ್ ನೂರಕ್ಕೆ 65 ಅಂದರು. ಆಮೇಲೆ ಅನುಮಾನ ಬಂದು ಜೊತೆಗಾರರನ್ನು ವಿಚಾರಿಸಿದರೆ ಒಬ್ಬರ ಮನಸ್ಸಿನಲ್ಲಿ 20, ಇನ್ನೊಬ್ಬರದರಲ್ಲಿ 80! ಒಂದೇ ಮೇಜಿನ ಸುತ್ತ ಕೂತು, ಒಂದೇ ವಾಕ್ಯಕ್ಕೆ ತಲೆಯಾಡಿಸಿದವರು ಇವರು. ಪುಣ್ಯಕ್ಕೆ ದಾಳಿ ಆಗಲಿಲ್ಲ.

ಅದಕ್ಕೇ ವಿಜ್ಞಾನಿಗಳು ಈ ಪದಗಳಿಗೆ ಅಂಕಿಯ ಮೂಗುದಾರ ಹಾಕಿದ್ದಾರೆ. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಯಲ್ಲಿ ‘ಅನ್‌ಲೈಕ್ಲಿ’ ಅಂದರೆ ಶೇ. 33ರ ತನಕ, ‘ಲೈಕ್ಲಿ’ ಅಂದರೆ ಶೇ. 66ರಿಂದ ಮೇಲೆ. ನಮ್ಮ ಹವಾಮಾನ ಇಲಾಖೆಯ ಪಟ್ಟಿಯೇ ಬೇರೆ. ಅಲ್ಲಿ ಶೇ. 25ಕ್ಕಿಂತ ಕಡಿಮೆಯಾದರೆ ‘ಅನ್‌ಲೈಕ್ಲಿ’, 25ರಿಂದ 50 ಆದರೆ ‘ಲೈಕ್ಲಿ’. ಅಂದರೆ ಇಲಾಖೆ ಮಳೆ ‘ಲೈಕ್ಲಿ’ ಅಂದ ದಿನ ಮಳೆ ಬಾರದಿರುವ ಸಾಧ್ಯತೆಯೇ ಒಂದು ಕೈ ಮೇಲು. ಇಷ್ಟು ದಿನ ಅವರನ್ನು ಸುಮ್ಮನೆ ಆಡಿಕೊಂಡೆವು ಪಾಪ. ಅವರು ಕೊಡೆ ತನ್ನಿ ಅಂದಿರಲೇ ಇಲ್ಲ.

ನಮ್ಮ ಜನ ‘ಅನ್‌ಲೈಕ್ಲಿ’ಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಬದಲಿಗೆ ‘ಡೌಟು’ ತಂದುಕೊಂಡು ಚೆನ್ನಾಗಿ ಸಾಕಿದ್ದಾರೆ. ಇಂಗ್ಲಿಷಿನವರಿಗೆ ಅದು ಬರೀ ಸಂಶಯ, ನಮಗೆ ಆಗುವುದಿಲ್ಲ ಎಂಬುದರ ಮರ್ಯಾದಸ್ಥ ರೂಪ. ನಲ್ಲಿ ರಿಪೇರಿಯವನು ‘ಇವತ್ತು ಡೌಟು ಸಾರ್’ ಅಂದರೆ ಸೊನ್ನೆ ಎಂದೇ ತಿಳಿಯಬೇಕು. ‘ಗ್ಯಾರಂಟಿ ಬರ್ತೀನಿ’ ಅಂದರೆ ಐಪಿಸಿಸಿ ಲೆಕ್ಕದ ಅನ್‌ಲೈಕ್ಲಿ.

ಮದುವೆ ಕರೆಯಲು ಹೋದಾಗ ಮಾತ್ರ ಈ ಲೆಕ್ಕ ತಲೆಕೆಳಗು. ತಂಗಿಯ ಮದುವೆಗೆ ಎಷ್ಟು ಎಲೆ ಎಂದು ಅಡುಗೆ ಭಟ್ಟರು ಕೇಳಿದಾಗ ಅಪ್ಪ ಪಟ್ಟಿ ಹಿಡಿದು ಒದ್ದಾಡುತ್ತಿದ್ದರು. ಭಟ್ಟರು ಎಲೆಯಡಿಕೆ ಮಡಿಸುತ್ತಲೇ ಹೇಳಿದರು: ‘ಸ್ವಾಮೀ, ಖಂಡಿತ ಬರ್ತೀವಿ ಅಂದೋರಲ್ಲಿ ಅರ್ಧ ಹಿಡೀರಿ. ಡೌಟು ಅಂದೋರನ್ನ ಪೂರ್ತಿ ಹಿಡೀರಿ, ಅವರು ಮನೆಮಂದಿಯೆಲ್ಲಾ ಬರ್ತಾರೆ.’