ನಿಧಿ ಮೆಟ್ಟಿದ ಭಾವ

ನಮ್ಮ ಭಾವ ಫೋನ್ ಮಾಡಿ “ಭಾನುವಾರ ಬಿಡುವಾ?” ಎಂದು ಕೇಳಿದರೆ, ಅವರ ಮನೆಗೆ ಹೊಸದೊಂದು ಯಂತ್ರ ಬಂದಿದೆಯೆಂದೇ ಅರ್ಥ. ಬಿಡುವಿಲ್ಲ ಎಂದು ಹೇಳಿ ನೋಡಿದ್ದೇನೆ. “ಹಾಗಾದ್ರೆ ಶನಿವಾರಾನೇ ಬಂದ್ಬಿಡು” ಎನ್ನುತ್ತಾರೆ.

ಪ್ರತಿ ನೆಂಟಸ್ತಿಕೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತಿ, ಪಿಎಫ್ ಹಣ, ಮೊಬೈಲಿನಲ್ಲಿ ಯೂಟ್ಯೂಬ್ ಈ ಮೂರೂ ಒಂದೇ ತಿಂಗಳಲ್ಲಿ ಕೂಡಿಬಂದವರು. ಭಾವ ಮೊದಲು ನೀರಿನ ಟಿಡಿಎಸ್ ಅಳೆಯುವ ಕಡ್ಡಿ ಕೊಂಡರು. ಮದುವೆಮನೆಯ ಪಂಕ್ತಿಯಲ್ಲಿ ಕೂತು ಅದನ್ನು ಲೋಟಕ್ಕೆ ಅದ್ದಿ “ನಾನೂರ ಹನ್ನೆರಡು!” ಎಂದು ಕೂಗಿದರು, ಆ ಸಾಲಿನಲ್ಲಿ ಯಾರೂ ನೀರು ಮುಟ್ಟಲಿಲ್ಲ. ಆಮೇಲೆ ಬಂದದ್ದು ಲೇಸರ್ ಟೇಪು. ಅದರಿಂದ ನಮ್ಮ ಹಾಲನ್ನು ಅಳೆದು, ಬಿಲ್ಡರ್ ನಾಲ್ಕು ಇಂಚು ನುಂಗಿದ್ದಾನೆಂದು ತೋರಿಸಿಕೊಟ್ಟರು. ಹನ್ನೆರಡು ವರ್ಷ ನೆಮ್ಮದಿಯಾಗಿದ್ದ ಮನೆ ಅದು. ಈಗ ಸೋಫಾದಲ್ಲಿ ಕೂತಾಗಲೆಲ್ಲ ಆ ನಾಲ್ಕು ಇಂಚು ನನ್ನ ಎದೆಯ ಮೇಲೆ ಕೂತಿರುತ್ತದೆ.

ಈ ಸಲದ್ದು ಮೆಟಲ್ ಡಿಟೆಕ್ಟರ್. ಮಾಲ್ ಬಾಗಿಲಲ್ಲಿ ನಮ್ಮ ಹೊಟ್ಟೆ ಸವರುತ್ತಾರಲ್ಲ, ಆ ಪುಟ್ಟ ಕೋಲಲ್ಲ. ಎದೆಮಟ್ಟದ ಸರಳು, ತುದಿಯಲ್ಲಿ ದೋಸೆಕಲ್ಲಿನಗಲದ ತಟ್ಟೆ, ಹಿಡಿಯ ಹತ್ತಿರ ಪರದೆ, ಕಿವಿಗೆ ಹೆಡ್‌ಫೋನ್. ಇದಕ್ಕೆಲ್ಲ ಕಾರಣ ಇಂಗ್ಲೆಂಡಿನ ಒಂದು ಸುತ್ತಿಗೆ. 1992ರಲ್ಲಿ ಸಫೋಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಅದನ್ನು ಹುಡುಕಿಕೊಡಲು ಡಿಟೆಕ್ಟರ್ ಹಿಡಿದು ಬಂದ ಗೆಳೆಯನಿಗೆ ಸಿಕ್ಕಿದ್ದು ರೋಮನ್ನರ ಕಾಲದ ಹದಿನೈದು ಸಾವಿರದಷ್ಟು ನಾಣ್ಯ, ಜೊತೆಗೆ ಚಿನ್ನದ ಒಡವೆ, ಬೆಳ್ಳಿಯ ಸಾಮಾನುಗಳು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಈ ಕತೆಯನ್ನು ಭಾವ ಎರಡು ನಾಮಕರಣ, ಒಂದು ವೈಕುಂಠ ಸಮಾರಾಧನೆಯಲ್ಲಿ ಹೇಳಿ ಮುಗಿಸಿದ್ದರು. “ನಮ್ಮನೇಲೂ ಸುತ್ತಿಗೆ ಕಳೆದು ಮೂರು ವರ್ಷ ಆಯ್ತು, ಮೊದ್ಲು ಅದನ್ನ ಹುಡುಕಿ” ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು.

ಬೆಂಗಳೂರಿನ ಮನೆಯಲ್ಲಿ ಆಗಲೇ ಒಂದು ಪರೀಕ್ಷೆ ನಡೆದಿತ್ತು. ತಟ್ಟೆಯನ್ನು ಹಾಲಿನ ನೆಲದ ಮೇಲೆ ಎಲ್ಲಿಟ್ಟರೂ ಅದು ಬಡಕೊಂಡಿತಂತೆ. ಆರ್‌ಸಿಸಿ ಮನೆಯಲ್ಲವೇ, ಕೆಳಗೆಲ್ಲ ಕಬ್ಬಿಣದ ಸರಳು. ಅದಕ್ಕೇ ಅರಸೀಕೆರೆ ಹತ್ತಿರದ ಅವರ ಊರಿಗೆ ಹೊರಟದ್ದು. ಹಿರಿಯರ ಮನೆ, ಹಿಂದೆ ಅರ್ಧ ಎಕರೆ ಹಿತ್ತಲು, ಒಂದಿಷ್ಟು ತೆಂಗು.

“ನಿಧಿಗಲ್ಲಪ್ಪ, ಆ ಆಸೆ ಎಲ್ಲ ನಂಗಿಲ್ಲ” ಎಂದರು ಭಾವ ಕಾರಿನಲ್ಲಿ. “ಅಮ್ಮನ ಮೂಗುಬಟ್ಟು ಬಚ್ಚಲ ಹಿಂದೆ ಬಿದ್ದುಹೋಗಿತ್ತು, ನಾನು ಎಸ್ಸೆಸ್ಸೆಲ್ಸಿಲಿದ್ದಾಗ. ಅದು ಸಿಕ್ರೆ ಸಾಕು.” ಹಿಂದಿನ ಸೀಟಿನಲ್ಲಿ ಎರಡು ಗೋಣಿಚೀಲಗಳಿದ್ದವು. ಮೂಗುಬಟ್ಟಿಗೆ ಎರಡು ಗೋಣಿಚೀಲ ಏಕೆಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಸಿಕ್ಕಿದ್ದರಲ್ಲಿ ಅಗೆದವನ ಪಾಲು ಎಷ್ಟಿರಬಹುದೆಂದು ನಾನೂ ಗುಬ್ಬಿ ದಾಟುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ದಾರಿಯುದ್ದಕ್ಕೂ ಹೇಳಿದರು. ತಟ್ಟೆಯೊಳಗೆ ತಂತಿಯ ಸುರುಳಿ, ಅದರಿಂದ ಕಾಂತಕ್ಷೇತ್ರ; ಅದು ನೆಲದೊಳಗಿನ ಲೋಹಕ್ಕೆ ತಾಗಿದರೆ ಲೋಹದಲ್ಲೂ ಸಣ್ಣ ವಿದ್ಯುತ್ ಸುಳಿ ಎದ್ದು ಉತ್ತರ ಕೊಡುತ್ತದೆ, ಆ ಉತ್ತರವನ್ನು ಯಂತ್ರ ಕುಂಯ್ ಎಂದು ನಮ್ಮ ಕಿವಿಗೆ ಮುಟ್ಟಿಸುತ್ತದೆ. ತಿಪಟೂರಿನಲ್ಲಿ ಕಾಫಿ ಕುಡಿದಮೇಲೆ ಇದನ್ನೇ ಮೊದಲಿನಿಂದ ಹೇಳಿದರು. ನಾಣ್ಯದಂಥ ಸಣ್ಣ ವಸ್ತುವಾದರೆ ಒಂದು ಗೇಣು ಆಳದವರೆಗೆ ಕಂಡೀತಂತೆ. ಅಜ್ಜಿಕತೆಗಳ ಕೊಪ್ಪರಿಗೆಗಳೆಲ್ಲ ಆಳುದ್ದ ಕೆಳಗಿರುತ್ತವೆ. ಅದನ್ನೂ ನಾನು ಹೇಳಲಿಲ್ಲ.

ಹಿತ್ತಲಲ್ಲಿ ಮೊದಲ ಕೆಲಸ ಯಂತ್ರಕ್ಕೆ ಮಣ್ಣಿನ ಪರಿಚಯ ಮಾಡಿಸುವುದು. ನಮ್ಮ ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದ ತುಕ್ಕಿನಿಂದ; ಹಾಗೇ ಬಿಟ್ಟರೆ ಯಂತ್ರ ಮಣ್ಣನ್ನೇ ಲೋಹವೆಂದು ತಿಳಿದು ಗೊಣಗುತ್ತಿರುತ್ತದೆ. ಅದಕ್ಕಾಗಿ ತಟ್ಟೆಯನ್ನು ಒಂದೇ ಜಾಗದಲ್ಲಿ ಮೇಲಕ್ಕೆತ್ತಿ ಕೆಳಗಿಳಿಸಿ, ಎತ್ತಿ ಇಳಿಸಿ, ಅದು ಸುಮ್ಮನಾಗುವವರೆಗೆ ಕಾಯಬೇಕು. ಕೈಪಿಡಿ ಓದಿ ಹೇಳುವ ಕೆಲಸ ನನ್ನದು. ಪಕ್ಕದ ಮನೆಯ ಅಜ್ಜಿ ಬೇಲಿ ಹತ್ತಿರ ಬಂದು ಬಹಳ ಹೊತ್ತು ನೋಡಿ, “ಒರಳಿಲ್ದೆ ಅದೇನ್ ಕುಟ್ತಾ ಇದ್ದೀಯಪ್ಪ?” ಎಂದಳು.

ಇನ್ನು ಬೂಟಿನ ಪ್ರಸಂಗಕ್ಕೆ ಬರಲೇಬೇಕು. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ. ನನ್ನ ಸೊಂಟ ಇನ್ನೂ ಸರಿಹೋಗಿಲ್ಲ.

ಭಾವ ನೋಡಿದ ಯೂಟ್ಯೂಬ್ ವಿಡಿಯೋಗಳ ಇಂಗ್ಲಿಷರೆಲ್ಲ ಬೂಟು ಹಾಕಿದ್ದರಲ್ಲ, ಭಾವನೂ ಹೊಸದೊಂದು ಜೊತೆ ಕೊಂಡಿದ್ದರು. ಯಂತ್ರವನ್ನು ಎಡಕ್ಕೆ ಬೀಸಿದರು, ಸದ್ದಿಲ್ಲ. ಬಲಕ್ಕೆ ಬೀಸಿ ಕಾಲ ಹತ್ತಿರ ತಂದರು, ಕುಂಯ್! “ಅಗಿ!” ಎಂದರು. ಅಗೆದೆ. ಒಂದು ಮೊಳ ಹೋದರೂ ಏನಿಲ್ಲ. ಎರಡು ಹೆಜ್ಜೆ ಮುಂದೆ ಹೋದರು, ಮತ್ತೆ ಕುಂಯ್. ಅಗೆದೆ. ಅಲ್ಲಿಂದ ಹಲಸಿನ ಮರದವರೆಗೆ, ಮರದಿಂದ ಬಾವಿಯವರೆಗೆ ಭಾವ ಹೋದಲ್ಲೆಲ್ಲ ನೆಲ ಕೂಗುತ್ತಿತ್ತು. ಆರನೇ ಗುಂಡಿಯ ಹೊತ್ತಿಗೆ ಬೇಲಿಯ ಉದ್ದಕ್ಕೂ ಜನ ನಿಂತಿದ್ದರು. ಎಂಟನೆಯದಕ್ಕೆ ಭಾವ ತಗ್ಗಿದ ದನಿಯಲ್ಲಿ “ಇದು ಒಂದ್ಕಡೆ ಇಲ್ಲ ಕಣೋ, ಸುರಂಗದ ಥರ ಉದ್ದಕ್ಕೂ ಹಾಸಿದೆ” ಎಂದರು. ಊರಿನ ಹಿರಿಯರೊಬ್ಬರು ಇನ್ನೊಂದು ವ್ಯಾಖ್ಯಾನ ಕೊಟ್ಟರು: “ನಿಧಿ ಸರೀತದೆ ಕಣಪ್ಪ. ಯೋಗ ಇಲ್ದೋರು ಹತ್ರ ಹೋದ್ರೆ ಮುಂದಕ್ಕೆ ಹೋಗ್ತದೆ. ಮೊದ್ಲು ಒಂದು ಪೂಜೆ ಮಾಡ್ಸು.” ಬೆವರು ಒರೆಸಿಕೊಳ್ಳುತ್ತ ಯೋಚಿಸಿದರೆ, ಅಲ್ಲಿಯವರೆಗಿನ ಗುಂಡಿಗಳಿಗೆಲ್ಲ ಸರಿಯಾಗಿ ಹೊಂದುವ ಸಿದ್ಧಾಂತ ಅದೊಂದೇ ಎನಿಸಿತು.

ಹನ್ನೊಂದನೇ ಗುಂಡಿಯಲ್ಲಿ ನಾನು ಮಂಡಿಯೂರಿದ್ದಾಗ ಬೇಲಿಯ ಮೇಲೆ ಕೂತಿದ್ದ ಹುಡುಗನೊಬ್ಬ ಹೇಳಿದ: “ತಾತ, ಅದು ಮಣ್ಣಿಗೆ ಬಡ್ಕೊಳ್ತಿಲ್ಲ. ನಿಮ್ ಬೂಟ್ ಹತ್ರ ಬಂದಾಗ ಬಡ್ಕೊಳ್ತದೆ.”

ಫ್ಯಾಕ್ಟರಿಯಲ್ಲಿ ಹಾಕುವ ಸೇಫ್ಟಿ ಶೂ ಅದು. ಮುಂಗಾಲ ಮೇಲೆ ಉಕ್ಕಿನ ಟೊಪ್ಪಿಗೆ.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ನಾಚುತ್ತಾರೆ, ಇಲ್ಲವೇ ನಗುತ್ತಾರೆ. ಯಂತ್ರದ ಜಾತಿಯವರು ಇತಿಹಾಸ ಹೇಳುತ್ತಾರೆ. ಭಾವ ಬಾವಿಕಟ್ಟೆಯ ಮೇಲೆ ಕೂತು ಬೂಟು ಬಿಚ್ಚುತ್ತ, “ಗ್ರಹಾಂ ಬೆಲ್‌ಗೇ ಹೀಗಾಗಿದೆ” ಎಂದರು. ಆಗಿದ್ದು ನಿಜ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಗೆ ಹೊಕ್ಕ ಗುಂಡು ವೈದ್ಯರಿಗೆ ಸಿಗದಿದ್ದಾಗ, ಟೆಲಿಫೋನಿನ ಬೆಲ್ ಲೋಹ ಪತ್ತೆಹಚ್ಚುವ ಸಾಧನ ಮಾಡಿಕೊಂಡು ಬಂದ. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಅವೂ ಸೇರಿ ಲೆಕ್ಕ ಕೆಡಿಸಿದವು. ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಭಾವನಿಗೆ ಇದರಿಂದ ಬಹಳ ಸಮಾಧಾನವಾಯಿತು. ಬೆಲ್‌ನ ಭಾವಮೈದನ ಕೈಲಿ ಯಾರೂ ಹನ್ನೊಂದು ಗುಂಡಿ ತೋಡಿಸಲಿಲ್ಲವಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡೆ.

ನಾನೇನೂ ಕಮ್ಮಿಯಲ್ಲ. ಬರಿಗಾಲಿನ ಭಾವ ಮುಂದಿನ ಜಾಗದಲ್ಲಿ ಬೀಸುತ್ತಿದ್ದಾಗ ಸಡಿಲ ಮಣ್ಣನ್ನು ಕೈಯಲ್ಲಿ ತೆಗೆಯಲು ಹೋದೆ. ಅಲ್ಲಿಯವರೆಗೆ ಕೇಳದ ಇಂಪಾದ ದನಿ ಬಂತು. “ಚಿನ್ನ! ಅಲ್ಲಾಡ್ಬೇಡ!” ಎಂದು ಭಾವ ಕೂಗಿದರು. ಚಿನ್ನವೇ. ನನ್ನ ಬೆರಳಿನಲ್ಲಿತ್ತು, ನನ್ನ ಮದುವೆಯಲ್ಲಿ ಅವರೇ ಹಾಕಿದ ಉಂಗುರ.

ಆಮೇಲೆ ನಿಜವಾಗಿ ಸಿಕ್ಕ ವಸ್ತುಗಳು: ಸೋಡಾ ಮುಚ್ಚಳಗಳು, ಬೇಲಿತಂತಿಯ ತುಂಡು, ಹಿಡಿ ಕಳೆದುಕೊಂಡ ಕುಡುಗೋಲು, ಕೊಟ್ಟಿಗೆ ಇದ್ದ ಜಾಗದಲ್ಲಿ ಆರು ಎತ್ತಿನ ಲಾಳ. ಲಾಳ ಸಿಕ್ಕಾಗ ಭಾವ ಹೆಡ್‌ಫೋನ್ ತೆಗೆದರು. ಒಂದೊಂದನ್ನೇ ಪಂಚೆಗೆ ಒರೆಸಿ ನೋಡಿದರು. ಮಾಸ್ತಿ, ರಾಮ ಎಂದು ಎರಡು ಎತ್ತುಗಳಿದ್ದುವಂತೆ; ಲಾಳ ಕಟ್ಟಿಸುವ ದಿನ ಕಾಲಿಗೆ ಹಗ್ಗ ಬಿಗಿದು ಕೆಡವುವಾಗ ಇವರು ಅವುಗಳ ತಲೆ ಹಿಡಿದು ಕಣ್ಣು ಮುಚ್ಚುತ್ತಿದ್ದರಂತೆ. ಎತ್ತಿನ ಕಣ್ಣನ್ನೋ ತಮ್ಮದನ್ನೋ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಬಚ್ಚಲ ಹಿಂದಕ್ಕೆ ಹೋಗಿಬಿಟ್ಟರು. ಅಲ್ಲಿ ಸಂಜೆಯವರೆಗೆ ಒಂದು ಮಾತೂ ಆಡದೆ ಬೀಸಿದರು. ಅವರಮ್ಮ ಕೊನೆಯವರೆಗೂ ಹಿತ್ತಲು ಗುಡಿಸಿದ ಕಸವನ್ನು ಜರಡಿಗೆ ಹಾಕಿ ನೋಡಿಯೇ ತಿಪ್ಪೆಗೆ ಚೆಲ್ಲುತ್ತಿದ್ದಳೆಂದು ಅಕ್ಕ ಒಮ್ಮೆ ಹೇಳಿದ್ದು ನೆನಪಾಯಿತು. ಅದುವರೆಗೆ ಮೂಗುಬಟ್ಟು ಬರೀ ನೆಪವೆಂದುಕೊಂಡಿದ್ದೆ.

ಕತ್ತಲಾಗುವ ಮುಂಚೆ ಒಂದು ನಾಣ್ಯ ಸಿಕ್ಕಿತು. ಹಿತ್ತಾಳೆ ಬಣ್ಣದ, ಕಮಲದ ಹೂವಿನ ಇಪ್ಪತ್ತು ಪೈಸೆ, 1970ರದು. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆಂದು ಹೆಂಗಸರು ಎತ್ತಿಡುತ್ತಿದ್ದದ್ದು. ಕೂಡಲೇ ಭಾವ ಮತ್ತೆ ಭಾವನಾದರು. ಜೇಬಿನಿಂದ ಹಾಳೆ ತೆಗೆದು, 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕಿದರೆ ಮಾತ್ರ ಕಲೆಕ್ಟರಿಗೆ ತಿಳಿಸಬೇಕೆಂದು ಬೇಲಿಯ ಜನಕ್ಕೆಲ್ಲ ಓದಿ ಹೇಳಿದರು. ನಮ್ಮ ರಾಜ್ಯಕ್ಕೆ 1962ರದ್ದೇ ಬೇರೆ ಕಾಯ್ದೆ ಇದೆಯೆಂದು ನನಗೆ ಆಮೇಲೆ ಗೊತ್ತಾಯಿತು. ಜನರಿಗೆ ಕಾಯ್ದೆ ಬೇಕಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ನಿಧಿ, ಕಲೆಕ್ಟರು ಎಂಬ ಎರಡು ಮಾತು.

ನಾಲ್ಕನೇ ದಿನ ಊರಿನಿಂದ ಫೋನ್ ಬಂತು. ರಾತ್ರಿ ಯಾರೋ ಬಂದು ಬಚ್ಚಲ ಹಿಂದೆ ಮೂರು ಗುಂಡಿ ತೋಡಿ ಹೋಗಿದ್ದರು. ಒಂದರ ಪಕ್ಕ ನಿಂಬೆಹಣ್ಣು, ಕುಂಕುಮ. ಹಳೆ ಒಳಕಲ್ಲನ್ನೂ ಮಗುಚಿ ಹಾಕಿದ್ದರು. ನನಗೆ ಭಯವಾಯಿತು. ಭಾವನಿಗೆ ಮೊದಲು ಸಿಟ್ಟು ಬಂತು. ಸಂಜೆ ಫೋನ್ ಮಾಡಿದಾಗ ದನಿಯಲ್ಲಿ ಹುರುಪಿತ್ತು.

“ನಾಲ್ಕಡಿ ತೋಡಿದಾರೆ ಕಣೋ! ನಮ್ ಮೆಷಿನ್‌ಗೆ ಎಟುಕದ ಮಣ್ಣೆಲ್ಲ ಈಗ ಮೇಲೆ ಬಿದ್ದಿದೆ. ಗುಂಡಿಗೆ ಮೂರು ತೆಂಗಿನಸಸಿ ಇಟ್ರಾಯ್ತು, ಕೂಲೀನೂ ಉಳೀತು. ಭಾನುವಾರ ಬಿಡುವಾ?”

ಉಂಗುರ ಬಿಚ್ಚಿ ಬೀರುವಿನಲ್ಲಿಟ್ಟು ಹೊರಟೆ. ಭಾವ ಬರಿಗಾಲಿನಲ್ಲಿದ್ದರು. ಅವರು ಮಣ್ಣಗುಡ್ಡೆಯ ಮೇಲೆ ಯಂತ್ರ ಬೀಸುವುದು, ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅವರಮ್ಮನ ಹಳೇ ಜರಡಿಯಲ್ಲಿ ಮಣ್ಣು ಜಾಲಿಸುವುದು ಎಂದು ಮಾತಾಯಿತು. ಎರಡನೇ ಬೀಸಿಗೇ ಕುಂಯ್ ಎಂದಿತು. ಭಾವ ಉಸಿರು ಹಿಡಿದು ನನ್ನ ಕೈ ನೋಡಿದರು. ನಾನು ಅವರ ಕಾಲು ನೋಡಿದೆ. ಆಮೇಲೆ ಇಬ್ಬರೂ ಜರಡಿಯ ತಂತಿಬಲೆಯನ್ನು ನೋಡಿದೆವು.