ಒಂದೇ ಒಂದು ಇಟ್ಕೊಳ್ರಿ, ಮಾಮಾ

ಬೀದರ್, ಭಾಲ್ಕಿ, ಔರಾದ್ ಈ ಮೂರರಲ್ಲಿ ಎಲ್ಲೇ ತಂಬೂರಿಯ ಕಿವಿ ಹಿಂಡಿದರೂ ಅವರು ಹಾಜರು. ಗಾಯಕರನ್ನು ಕರೆಸಲು ಸಂಘಟಕರು ಪಡುವ ಪಾಡು ದೇವರಿಗೇ ಪ್ರೀತಿ. ಇವರನ್ನು ಕರೆಯಲೇಬೇಕಿಲ್ಲ. ಕೂಡುವುದು ಮೂರನೇ ಸಾಲಿನ ಅಂಚಿಗೆ. ಮೊದಲ ಸಾಲು ಉದ್ಘಾಟನೆಗೆ ಬಂದವರದು, ಎರಡನೆಯದು ಅವರ ಜೊತೆ ಬಂದವರದು, ಮೂರನೆಯದು ಕೇಳುವವರದು ಎಂದು ಅವರೇ ಹಾಕಿಕೊಟ್ಟ ಲೆಕ್ಕ. ಹೆಸರು ಬೇಡ. ಊರಿಗೊಬ್ಬರಂತೆ ಇರುವುದರಿಂದ ಒಬ್ಬರ ಹೆಸರು ಬರೆದರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಕಾಕಾ ಅಂದರೆ ಸಾಕು.

ಕಾಕಾನನ್ನು ಗುರುತಿಸುವುದು ಸುಲಭ. ತಬಲಾ ಸಮ್‌ಗೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಬಂದಾಗ ಅವರ ಅಂಗೈ ಪಕ್ಕದವನ ತೊಡೆಯ ಮೇಲೆ ಬೀಳುತ್ತದೆ. ವಿಲಂಬಿತ ಏಕತಾಲ್ ಇದ್ದರೆ ಎರಡು ಏಟಿನ ನಡುವೆ ಮುಕ್ಕಾಲು ನಿಮಿಷ ಸುಧಾರಿಸಿಕೊಳ್ಳಬಹುದು. ದ್ರುತ್ ತೀನ್‌ತಾಲಕ್ಕೆ ಬಂದರೆ 16 ಮಾತ್ರೆ ಉರುಳುವುದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ. ಆದ್ದರಿಂದ ಬಲ್ಲವರು ಛೋಟಾ ಖ್ಯಾಲ್ ಶುರುವಾಗುವ ಮೊದಲೇ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಬೇರೆ ಕಡೆ ಕೂಡುತ್ತಾರೆ.

ರಾಗ ಯಾವುದೆಂದು ಎಲ್ಲರಿಗೂ ಗೊತ್ತಾಗಿಬಿಟ್ಟರೆ ಕಾಕಾನಿಗೆ ಬೇಸರ. ಯಮನ್ ಅಂದರೆ ವಾಚು ನೋಡಿಕೊಳ್ಳುತ್ತಾರೆ. ಲಚ್ಛಾಸಾಖ್, ಖಟ್, ಬಿಹಾರಿ, ಸಾವನಿ ಅಂದರೆ ಮೈಯಲ್ಲಿ ಕಳೆ ಬರುತ್ತದೆ. ಇದಕ್ಕೆ ಹೊಣೆ ಮಲ್ಲಿಕಾರ್ಜುನ ಮನ್ಸೂರರು. ಜಯಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಅವರು ಅಷ್ಟು ಸಲೀಸಾಗಿ ಹಾಡಿ, ಹೈದರಾಬಾದ್ ಕರ್ನಾಟಕದ ಒಂದು ತಲೆಮಾರಿನ ಕಾಕಾಗಳನ್ನು ಕೆಡಿಸಿಟ್ಟರು. ಬೀದರಿನ ಇತಿಹಾಸದ ಮೇಲೂ ಕಾಕಾನಿಗೆ ಒಂದು ತಕರಾರು ಇದೆ. ಕಿತಾಬ್-ಎ-ನವರಸ್ ಬರೆದ, ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಮುದ್ದಾಡಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ, 1619ರಲ್ಲಿ ಬೀದರನ್ನು ಗೆದ್ದುಕೊಂಡ. “ರಾಜ್ಯ ತೊಗೊಂಡು ಹೋದ್ರಿ. ಮೋತಿ ಖಾನನ್ನ ಒಂದು ಸಲ ಆದ್ರೂ ನಮ್ಮ ಕಿಲ್ಲಾಕ್ಕ ತರಬೇಕಿತ್ತೋ ಇಲ್ಲೋ?” ನಾಲ್ಕು ನೂರು ವರ್ಷದ ಹಿಂದಿನ ಈ ಅನ್ಯಾಯ ನಿನ್ನೆ ನಡೆದದ್ದೇನೋ ಎಂಬಂತೆ ಕೇಳುತ್ತಾರೆ.

ಅಂಗಡಿಯಲ್ಲಿ ಸಿಗುವ ರೆಕಾರ್ಡು ಅವರ ಲೆಕ್ಕಕ್ಕಿಲ್ಲ. “ಅದು ಸ್ಟುಡಿಯೋದಾಗ ಗ್ವಾಡಿ ಮುಂದ ಕೂತು ಹಾಡಿದ್ದ್ರಿ.” ಅವರದೇನಿದ್ದರೂ ‘ಪ್ರೈವೇಟ್’. ಅಂದರೆ ಯಾರದೋ ಮನೆಯ ಪಡಸಾಲೆಯ ಬೈಠಕ್ಕಿನಲ್ಲಿ ಟೇಪ್‌ರೆಕಾರ್ಡರನ್ನು ಹಾರ್ಮೋನಿಯಂ ಪಕ್ಕ ಇಟ್ಟು ತುಂಬಿಕೊಂಡದ್ದು. ಅದರಲ್ಲಿ ಹಾರ್ಮೋನಿಯಂ ಬಹಳ ಚೆನ್ನಾಗಿ ಕೇಳುತ್ತದೆ. ಚಹಾದ ಬಸಿ ಕೇಳುತ್ತದೆ, ಕೂಸಿನ ಅಳು ಕೇಳುತ್ತದೆ, ಕೆಮ್ಮು ಕೇಳುತ್ತದೆ. “ಆ ಕೆಮ್ಮು ಯಾರದು ಗೊತ್ತದೇನು?” ಎಂದು ಕಾಕಾ ಹುಬ್ಬು ಹಾರಿಸುತ್ತಾರೆ. ಗಾಯಕರ ಘರಾಣೆಯಷ್ಟೇ ಖಚಿತವಾಗಿ ಕೆಮ್ಮಿದವರ ಘರಾಣೆಯೂ ಅವರಿಗೆ ಗೊತ್ತು. ಆಕಾಶವಾಣಿ 1952ರಲ್ಲಿ ಶುರು ಮಾಡಿದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದ ಶನಿವಾರ ರಾತ್ರಿಗಳಲ್ಲಿ ಹಿಡಿದ ಒಂದು ಸಾಲು ಬೇರೆ ಇದೆ. 90 ನಿಮಿಷದ ಕ್ಯಾಸೆಟ್ 45ಕ್ಕೆ ಮುಗಿದು, ಮಗುಚಿ ಹಾಕುವಷ್ಟರಲ್ಲಿ ದರಬಾರಿಯ ಒಂದು ತುಂಡು ಹೋಗಿರುತ್ತದೆ. ಆ ತುಂಡನ್ನು ಕಾಕಾ ತಾವೇ ಹಾಡಿ ತುಂಬುತ್ತಾರೆ. ವರ್ಷ ಕಳೆದಂತೆ ಅದು ಬೆಳೆಯುತ್ತಿದೆಯೆಂದು ಮನೆಯವರ ದೂರು.

ಬೀದರಿನ ಕಾಕಾನ ಈ ಎಲ್ಲ ಸರಕು ಚೌಬಾರಾದ ಹತ್ತಿರದ ಮನೆಯೊಂದರಲ್ಲಿ ಒಂದು ದೊಡ್ಡ ಅಲ್ಮಾರಿಯಲ್ಲಿದೆ. ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಕಾಕಾ ಅವನ್ನು ಮಾಳಿಗೆಯ ಮೇಲೆ ಒಣಹಾಕಲು ಹೋಗಿ, ಬಿಸಿಲಿಗೆ ಡಬ್ಬಿ ಸೊಟ್ಟಗಾಗುತ್ತವೆ. ಸೊಸೆಗೆ ಸೀರೆ ಇಡಲು ಜಾಗವಿಲ್ಲ. ಒಂದು ದಿನ ಅವಳು ಬಹಳ ಮರ್ಯಾದೆಯಿಂದಲೇ ಹೇಳಿದಳು: “ಮಾಮಾ, ಎಲ್ಲಾ ಫೋನಿನಾಗ ಸಿಗ್ತಾವ. ನಿಮಗ ಭಾಳ ಪ್ರೀತಿದು ಒಂದೇ ಒಂದು ಇಟ್ಕೊಳ್ರಿ. ಉಳಿದದ್ದು ರದ್ದಿಯವನಿಗೆ ಕೊಡೋಣು.”

ಒಂದೇ ಒಂದು! ಕಾಕಾ ಆ ದಿನ ರೊಟ್ಟಿ ಬಿಟ್ಟು ಬರೀ ಚಹಾ ಕುಡಿದರು.

ಸಂಜೆಗೆ ಭಾಲ್ಕಿಯ ಕಾಕಾನಿಗೆ ಫೋನು ಹೋಯಿತು. ಅವರು ನಿವೃತ್ತ ಮಾಸ್ತರರು. ಹಿರೇಮಠದ ವಚನಗಳ ವಾತಾವರಣದಲ್ಲಿ ಬೆಳೆದವರು. ಅವರಿಗೆ ಅರ್ಥ ಮುಖ್ಯ. “ಎರಡು ಸಾಲಿನ ಚೀಜು ಹಿಡ್ಕೊಂಡು ತಾಸುಗಟ್ಲೆ ಎಳೀತಾರ. ಮನ್ಸೂರವರ ವಚನ ಇಟ್ಕೋ, ಕೂಡಿ ಕೇಳಿದ್ರ ಪುಣ್ಯಾನೂ ಬರ್ತದ” ಎಂದು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು. ಔರಾದಿನ ಕಾಕಾ ಗಡಿಯವರು. ಅಮರೇಶ್ವರನಿಗೆ ಕನ್ನಡದಲ್ಲಿ ಕೈಮುಗಿದು, ವಿಠ್ಠಲನಿಗೆ ಮರಾಠಿಯಲ್ಲಿ ಹಾಡುವವರು. ಅವರಿಗೆ ಭೀಮಸೇನ ಜೋಶಿಯವರ ಅಭಂಗ ಬಿಟ್ಟರೆ ಬೇರೆ ಸಂಗೀತವೇ ಇಲ್ಲ. ಇಬ್ಬರೂ ಒಂದೊಂದನ್ನು ಥಟ್ಟನೆ ಆರಿಸಿದ್ದು ಕಂಡು ಬೀದರಿನ ಕಾಕಾನಿಗೆ ಅವರ ರಸಿಕತೆಯ ಮೇಲೇ ಸಂಶಯ ಬಂತು.

ಇಲ್ಲಿ ಕಾಕಾನ ಪರವಾಗಿ ಒಂದು ಮಾತು ಹೇಳಲೇಬೇಕು. ಹಿಂದೂಸ್ತಾನಿಯಲ್ಲಿ ಒಂದನ್ನೇ ಆರಿಸುವುದು ನಿಜಕ್ಕೂ ಕಷ್ಟ, ಯಾಕೆಂದರೆ ರಾಗಕ್ಕೆ ಹೊತ್ತು ಇದೆ. ತೋಡಿ ಇಟ್ಟುಕೊಂಡರೆ ಊಟದ ನಂತರ ಏನು ಮಾಡುವುದು? ಮುಲ್ತಾನಿ ಮಧ್ಯಾಹ್ನ ಇಳಿದ ಮೇಲೆ, ಮಾರ್ವಾ ಹೊತ್ತು ಮುಳುಗುವಾಗ, ಮಾಲಕಂಸ ನಡುರಾತ್ರಿಗೆ. ಭೈರವಿಯಾದರೆ ಹೊತ್ತಿನ ಕಟ್ಟು ಸಡಿಲ. ಆದರೆ ಅದು ಬೈಠಕ್ ಮುಗಿಸುವ ರಾಗ. ಅದೊಂದನ್ನೇ ಇಟ್ಟುಕೊಂಡವನು ಜೀವನವಿಡೀ ಚಪ್ಪಲಿ ಹುಡುಕುತ್ತಿರಬೇಕಾಗುತ್ತದೆ. ಇನ್ನು ಕುಮಾರ ಗಂಧರ್ವರನ್ನು ಆರಿಸೋಣವೆಂದರೆ, ಕ್ಷಯರೋಗದಿಂದ ಹಾಡು ನಿಲ್ಲುವ ಮೊದಲಿನ ಕುಮಾರರೋ, ದೇವಾಸದಲ್ಲಿ ಚೇತರಿಸಿಕೊಂಡ ಮೇಲಿನ ಕುಮಾರರೋ ಎಂಬ ಜಗಳವೇ ಎರಡು ದಿನ ಹಿಡಿಯಿತು. ಜಗಳವಾಡಿದ್ದು ಕಾಕಾ ಒಬ್ಬರೇ.

ಎಳ್ಳ ಅಮಾಸಿಗೆ ಔರಾದಿನ ಹೊಲದಲ್ಲಿ ಮೂವರೂ ಸೇರಿದರು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಪುಣೆಯಲ್ಲಿ ಕಂಪ್ಯೂಟರ್ ಕೆಲಸದ ಅಣ್ಣನ ಮಗನೂ ಬಂದಿದ್ದ. ವಿಷಯ ಕೇಳಿ, “ಕಾಕಾ, ಲಂಡನ್ ಬಿಬಿಸಿಯವರು 1942ರಿಂದ ಇದನ್ನೇ ಕೇಳ್ಲತ್ತಾರ. ನಿರ್ಜನ ದ್ವೀಪಕ್ಕ ಒಯ್ಯೋದಾದ್ರ ಯಾವ ಎಂಟು ರೆಕಾರ್ಡು ಅಂತ” ಎಂದ.

“ಎಂಟಾ?” ಕಾಕಾ ಅಂಬಲಿಯ ಲೋಟ ಕೆಳಗಿಟ್ಟರು. “ಎಂಟು ಪ್ರಹರಕ್ಕ ಎಂಟು. ಆ ಸಾಹೇಬರಿಗೆ ಹೊತ್ತು-ರಾಗದ ಹಿಸಾಬು ಗೊತ್ತದ. ನಮ್ಮ ಮನ್ಯಾಗ ಇಲ್ಲ.”

ಹುಡುಗ ಅಷ್ಟಕ್ಕೇ ಬಿಡಲಿಲ್ಲ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಇಡೀ ಭೂಮಿಯಿಂದ 27 ಸಂಗೀತದ ತುಣುಕು ಇಟ್ಟ ಕಥೆ ಹೇಳಿದ. ಭಾರತದ್ದು ಒಂದೇ: ಕೇಸರಬಾಯಿ ಕೇರ್ಕರ್ ಅವರ ಭೈರವಿ. ಕೊನೆಯದು ಬೀಥೋವನ್ನನ ಕಾವಾಟಿನಾ, ನಾಲ್ಕೇ ವಾದ್ಯಗಳದ್ದು. ಕೇಸರಬಾಯಿಯವರು ಅಲ್ಲಾದಿಯಾ ಖಾನರ ಶಿಷ್ಯೆ, ಮನ್ಸೂರರಿಗೆ ಕಲಿಸಿದವರು ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನ್. ಅಂದಮೇಲೆ ನಕ್ಷತ್ರಗಳ ಕಡೆಗೆ ಹೊರಟಿರುವುದು ನಮ್ಮ ಘರಾಣೆಯೇ ಎಂದು ಕಾಕಾ ಎದೆಯುಬ್ಬಿಸಿದರು. ನಾಲ್ಕೇ ಮಂದಿ ಅಂದದ್ದೂ ಹಿಡಿಸಿತು. “ನಾಕೇ ಮಂದಿ ಅಂದ್ರ ಅದು ಬೈಠಕ್ಕೇ. ಹಚ್ಚು, ಕೇಳೋಣು.” ಫೋನಿನಲ್ಲಿ ಪಿಟೀಲುಗಳು ನಿಧಾನವಾಗಿ ಎದ್ದವು. ಆರೂವರೆ ನಿಮಿಷ ಕಣ್ಣು ಮುಚ್ಚಿ ಕೂತಿದ್ದ ಕಾಕಾ ಕೊನೆಗೆ ಹೇಳಿದರು: “ಸುರ್ ಪಕ್ಕಾ ಅದ. ಆದ್ರ ತಬಲಾದವ ಯಾಕ ಬಂದಿಲ್ಲ?”

ಇದನ್ನು ಕಟ್ಟಿದಾಗ ಬೀಥೋವನ್ನನಿಗೆ ಕಿವಿ ಕೇಳುತ್ತಿರಲಿಲ್ಲ ಎಂದು ಹುಡುಗ ವಿವರಿಸಿದ. ಭಾಲ್ಕಿಯ ಮಾಸ್ತರರು ಬೆರಗಾದರು. ಬೀದರಿನ ಕಾಕಾ ಆಗಲಿಲ್ಲ. “ಅಲ್ಲಿ ಕಿವಿ ಕೇಳದವ್ರು ಹಿಂಥಾದು ಮಾಡ್ತಾರ. ನಮ್ಮಲ್ಲಿ ಮುಂದಿನ ಸಾಲಿನಾಗ ಕೂಡ್ತಾರ.”

ಅಮಾಸಿ ಮುಗಿಸಿ ಮನೆಗೆ ಬಂದವರು ಸೊಸೆಯನ್ನು ಕರೆದು, “ಆರಿಸೀನವ್ವಾ” ಎಂದರು. ಅವಳ ಮುಖ ಅರಳಿತು. ಕಾಕಾ ಆರಿಸಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ. ಹಳೆಯ ತಟ್ಟೆ, ಮೂರು ಚಿಲ್ಲರೆ ನಿಮಿಷದ ಠುಮ್ರಿ. ಇಷ್ಟು ಚಿಕ್ಕದೇ ಎಂದು ಅವಳಿಗೆ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು.

“ಚಿಕ್ಕದು ಖರೇ,” ಎಂದರು ಕಾಕಾ. “ಆದ್ರ ಪವರ್ ಭಾಳ ಅದ. ಗದಗಿನಾಗ ಒಬ್ಬ ಹುಡುಗ ಇದನ್ನ ಚಹಾದ ಅಂಗಡ್ಯಾಗ ಕೇಳ್ದ. ಹಿಂಗ ಹಾಡೋದು ಕಲೀಬೇಕಂತ 1933ರಾಗ ಗುರು ಹುಡುಕ್ಕೋತ ಮನಿ ಬಿಟ್ಟು ಓಡಿಹೋದ. ಟಿಕೀಟಿಲ್ಲದ ರೈಲಿನಾಗ ಉತ್ತರ ಹಿಂದೂಸ್ತಾನ ತಿರುಗಿದ. ಭೀಮಸೇನ ಜೋಶಿ ಅಂತ. ಆಮ್ಯಾಗ ಭಾರತ ರತ್ನ ಬಂತು, ಆ ಮಾತು ಬ್ಯಾರೆ. ಓಡಿಹೋದಾಗ ಅವರಿಗೆ ಹನ್ನೊಂದು ವರ್ಷ. ನಮ್ಮ ಚಿಂಟೂಗ ಈಗ ಎಷ್ಟು?”

ಮೊಮ್ಮಗ ಚಿಂಟೂ ಹತ್ತು ದಾಟಿದ್ದಾನೆ. ಗಣಿತದ ಟ್ಯೂಷನ್ ತಪ್ಪಿಸಲು ಮೊದಲೇ ನೆಪ ಹುಡುಕುವ ಹುಡುಗ.

“ಇದೊಂದೇ ಉಳೀತಂದ್ರ ದಿನಾ ಇದನ್ನೇ ಹಚ್ಚಬೇಕಾಗ್ತದ. ಅವನೂ ದಿನಾ ಕೇಳ್ತಾನ” ಎಂದು ಕಾಕಾ ಬಹಳ ಮೆತ್ತಗೆ ಮುಗಿಸಿದರು. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಮಾರಿ ಅಲ್ಲೇ ಇರ್ಲಿ ಬಿಡ್ರಿ ಮಾಮಾ” ಎಂದಳು.

ನಿಮ್ಮ ಊರಿನಲ್ಲೂ ಇಂಥ ಕಾಕಾ ಇದ್ದೇ ಇರುತ್ತಾರೆ. ಅವರಿಗೆ ಪ್ರೀತಿಯದು ಯಾವುದೆಂದು ಕೇಳುವ ಗೋಜಿಗೆ ಹೋಗಬೇಡಿ. ಕೇಳಲೇಬೇಕೆಂದರೆ, ಊರಿಗೆ ಹೋಗುವ ಕೊನೆಯ ಬಸ್ಸು ಹೊರಡಲು ಹತ್ತು ನಿಮಿಷ ಇರುವಾಗ ಕೇಳಿ.